ಸೂಜಿ ಹಾಕಿಸಿದ ಹಸುವಿನ ಹಾಲು: ತಪ್ಪು ಕಲ್ಪನೆ ಮತ್ತು ವಾಸ್ತವ

ನೆಲಮಂಗಲದ ಮಗ್ಗುಲಿಗೇ ಇರುವ ಅರಿಶಿನಕುಂಟೆಯ ಸುತ್ತಮುತ್ತ ಎಷ್ಟು ಲೇಔಟು ಎದ್ದರೂ ಹಸು ಕಟ್ಟುವವರು ಇನ್ನೂ ಇದ್ದಾರೆ. ಈ ತಾಲ್ಲೂಕಿನ ಡೈರಿಗಳಿಗೆ ಬೆಳಿಗ್ಗೆ ಸಂಜೆ ಬೀಳುವ ಹಾಲು ಬೆಂಗಳೂರು ಹಾಲು ಒಕ್ಕೂಟದ ಮೂಲಕ ನಂದಿನಿ ಪ್ಯಾಕೆಟ್ಟಾಗಿ ನಗರದ ಮನೆಗಳಿಗೆ ಹೋಗುತ್ತದೆ. ಕೆಚ್ಚಲು ಬಾವಿಗೋ ಜ್ವರಕ್ಕೋ ಕೊಟ್ಟ ಆ್ಯಂಟಿಬಯಾಟಿಕ್ ಆ ಹಾಲಿಗೆ ಸೇರದಂತೆ ತಡೆಯುವುದು ಕೊಟ್ಟಿಗೆಯಲ್ಲೇ ಆಗಬೇಕಾದ ಕೆಲಸ. ಅದಕ್ಕೆ ಅಡ್ಡ ಬರುವುದು ದುರುದ್ದೇಶಕ್ಕಿಂತ ಹೆಚ್ಚಾಗಿ ಈ ಕೆಲವು ನಂಬಿಕೆಗಳು.

ತಪ್ಪು ಕಲ್ಪನೆ: ಡೈರಿಯ ಅಷ್ಟೊಂದು ಹಾಲಿನಲ್ಲಿ ನಮ್ಮ ನಾಲ್ಕು ಲೀಟರ್ ಯಾವ ಲೆಕ್ಕ?

ವಾಸ್ತವ: ಲೆಕ್ಕ ಹಾಕಿಯೇ ನೋಡೋಣ. ಹಾಲಿನಲ್ಲಿ ಪೆನಿಸಿಲಿನ್‌ಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಗೊತ್ತುಮಾಡಿರುವ ಮಿತಿ ಕೆ.ಜಿ.ಗೆ 4 ಮೈಕ್ರೊಗ್ರಾಂ. ಅಂದರೆ ಒಂದೇ ಒಂದು ಮಿಲಿಗ್ರಾಂ ಪೆನಿಸಿಲಿನ್ ಬೆರೆತರೆ ಸುಮಾರು 250 ಲೀಟರ್ ಹಾಲು ಆ ಮಿತಿಯನ್ನು ಮುಟ್ಟುತ್ತದೆ. ಮೊಲೆತೊಟ್ಟಿನೊಳಗೆ ಏರಿಸುವ ಟ್ಯೂಬಿನಲ್ಲಿ ಈ ಜಾತಿಯ ಔಷಧ ನೂರಾರು ಮಿಲಿಗ್ರಾಂ ಇರುವುದುಂಟು. ಅದರ ಬಹುಪಾಲು ಮುಂದಿನ ಕೆಲವು ಹೊತ್ತಿನ ಹಾಲಿನಲ್ಲೇ ಹೊರಬರುತ್ತದೆ. ಹೀಗಾಗಿ ಒಂದು ಹಸುವಿನ ಒಂದು ಹೊತ್ತಿನ ಹಾಲು ಶೀತಲೀಕರಣ ಘಟಕದ ಸಾವಿರಾರು ಲೀಟರನ್ನು ಕೆಡಿಸಬಲ್ಲದು. ಅದರಲ್ಲಿ ಔಷಧವನ್ನೇ ಕಾಣದ ಎಷ್ಟೋ ಮನೆಗಳ ಹಾಲೂ ಸೇರಿರುತ್ತದೆ.

ತಪ್ಪು ಕಲ್ಪನೆ: ಕಾಯಿಸಿದರೆ ಎಲ್ಲ ಹೋಗುತ್ತದೆ.

ವಾಸ್ತವ: ಹೋಗುವುದು ರೋಗಾಣು, ಔಷಧವಲ್ಲ. ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುತ್ತಾರೆ. ಆ ಬಿಸಿಗೆ ಪೆನಿಸಿಲಿನ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಮನೆಯಲ್ಲಿ ಉಕ್ಕು ಬರುವ ತನಕ ಕಾಯಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಇಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಆಗದೇ ಹೋಗಬಹುದು, ಏಕೆಂದರೆ ಔಷಧ ಹೆಪ್ಪಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಹಾಗೆಂದು ಮೊಸರು ಗಟ್ಟಿಯಾದರೆ ಹಾಲು ಶುದ್ಧ ಎಂದೂ ಹೇಳಲಾಗದು. ಪೆನಿಸಿಲಿನ್ ಒಗ್ಗದವರಿಗೆ ಅಲರ್ಜಿಯ ಭಯವಿದ್ದರೆ, ಔಷಧಕ್ಕೆ ಬಗ್ಗದ ರೋಗಾಣುಗಳ ಭಯ ನಮ್ಮೆಲ್ಲರಿಗೂ ಇದೆ.

ತಪ್ಪು ಕಲ್ಪನೆ: ಟ್ಯೂಬ್ ಹಾಕಿದ್ದು ಒಂದೇ ಮೊಲೆಗೆ. ಉಳಿದ ಮೂರರ ಹಾಲು ಡೈರಿಗೆ ಹಾಕಬಹುದು.

ವಾಸ್ತವ: ಹಾಕಬಾರದು. ಔಷಧ ರಕ್ತಕ್ಕೆ ಸೇರಿ ಉಳಿದ ಮೊಲೆಗಳ ಹಾಲಿಗೂ ಬರುತ್ತದೆ. ಕುತ್ತಿಗೆಗೆ ಕೊಟ್ಟ ಸೂಜಿಗೂ, ಮಾಸು ಬೀಳದಾಗ ಗರ್ಭಕೋಶಕ್ಕೆ ಇಟ್ಟ ಮಾತ್ರೆಗೂ ಇದೇ ಮಾತು.

ತಪ್ಪು ಕಲ್ಪನೆ: ಬಾವು ಇಳಿಯಿತು, ಹಾಲಿನ ಗರಣೆ ಹೋಯಿತು, ಇನ್ನೇನು?

ವಾಸ್ತವ: ಕಾಯಿಲೆ ಹೋದ ದಿನವೇ ಔಷಧ ಹೋಗುವುದಿಲ್ಲ. ಕೊನೆಯ ಡೋಸ್ ಕೊಟ್ಟ ಹೊತ್ತಿನಿಂದ ಎಷ್ಟು ದಿನ ಹಾಲು ಬಳಸಬಾರದು ಎಂಬುದು ಔಷಧದ ಲೇಬಲ್ ಮೇಲೆ ಇರಬೇಕು ಎಂದು 2012ರಲ್ಲಿ ಔಷಧ ನಿಯಮಗಳಿಗೆ ತಿದ್ದುಪಡಿಯಾಗಿದೆ. ಆ ಔಷಧಕ್ಕೆ ಅವಧಿ ಗೊತ್ತಾಗಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ. ಡಾಕ್ಟರು ಸೂಜಿ ಹಾಕಿದಾಗಲೇ ಬಾಟಲಿ ತೋರಿಸಿ ಕೇಳಿ. ದಿನಕ್ಕೆ 12 ಲೀಟರ್ ಕೊಡುವ ಹಸುವಿಗೆ ಮೂರು ದಿನ ಚಿಕಿತ್ಸೆ, ಮೇಲೆ ನಾಲ್ಕು ದಿನ ಕಾಯುವುದು ಎಂದರೆ 84 ಲೀಟರ್ ಕೈಬಿಟ್ಟಂತೆ. ಬೂಸಾ, ಹಿಂಡಿಯ ಸಾಲ ತಲೆಯ ಮೇಲಿರುವಾಗ ಇದು ಸಣ್ಣ ನಷ್ಟವಲ್ಲ. ಅದಕ್ಕೇ ಕಾಯಿಲೆ ಬರದಂತೆ ನೋಡಿಕೊಳ್ಳುವುದೇ ಲಾಭ: ಹೆಬ್ಬೆರಳು ಮಡಚಿ ಎಳೆಯದೆ ಪೂರ್ತಿ ಅಂಗೈಯಿಂದ ಹಿಂಡುವುದು, ಕರೆದಾದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವ ತನಕ ಅರ್ಧ ಗಂಟೆ ಹಸು ಮಲಗದಂತೆ ಮೇವು ಹಾಕುವುದು.

ತಪ್ಪು ಕಲ್ಪನೆ: ಏನಾದರೂ ಇದ್ದರೆ ಡೈರಿ ಮೆಷಿನ್ನೇ ಹಿಡಿಯುತ್ತದೆ.

ವಾಸ್ತವ: ಊರಿನ ಹಾಲು ಸಂಘದಲ್ಲಿ ನಿತ್ಯ ನೋಡುವುದು ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ). ಔಷಧ ಪತ್ತೆಗೆ ಬೇರೆಯದೇ ಸ್ಟ್ರಿಪ್ ಪರೀಕ್ಷೆ ಬೇಕು.

ತಪ್ಪು ಕಲ್ಪನೆ: ಗಬ್ಬದ ಹಸುವನ್ನು ಬತ್ತಿಸುವಾಗ ಹಾಕಿದ ಟ್ಯೂಬ್ ಕರು ಹಾಕುವ ಹೊತ್ತಿಗೆ ಕರಗಿರುತ್ತದೆ.

ವಾಸ್ತವ: ಆ ಟ್ಯೂಬು ವಾರಗಟ್ಟಲೆ ಕೆಚ್ಚಲಿನಲ್ಲಿ ಉಳಿಯಲೆಂದೇ ಮಾಡಿದ್ದು. ಹಸು ದಿನ ತುಂಬುವ ಮೊದಲೇ ಈದರೆ ಔಷಧ ಹಾಲಿನಲ್ಲಿರುತ್ತದೆ. ನಮ್ಮಲ್ಲಿ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಯ ಮಕ್ಕಳಿಗೆಲ್ಲ ಹಂಚುವುದುಂಟಲ್ಲ, ಅಲ್ಲಿಗೂ ಅದು ಹೋಗುತ್ತದೆ. ಬತ್ತಿಸಿದ ತಾರೀಖು ಬರೆದಿಡಿ. ಅವಧಿ ತುಂಬದಿದ್ದರೆ ಡಾಕ್ಟರನ್ನು ಕೇಳದೆ ಗಿಣ್ಣನ್ನೂ ಹಂಚಬೇಡಿ, ಹಾಲನ್ನೂ ಹಾಕಬೇಡಿ. ಬೇರ್ಪಡಿಸಿದ ಹಾಲನ್ನು ಕರುವಿಗೆ ಕುಡಿಸುವುದೂ ತಪ್ಪು. ಅದರ ಹೊಟ್ಟೆಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ತಪ್ಪು ಕಲ್ಪನೆ: ಕೆಚ್ಚಲು ಬಾವಿಗೆ ಸೂಜಿ ಬಿಟ್ಟರೆ ದಾರಿಯಿಲ್ಲ.

ವಾಸ್ತವ: ಶುರುವಿನಲ್ಲೇ ಗುರುತಿಸಿದರೆ ಇದೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಮದ್ದು ಇದು: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ರುಬ್ಬಿ, ನೀರು ಬೆರೆಸಿ, ಕೆಚ್ಚಲು ತೊಳೆದು ದಿನಕ್ಕೆ ಹಲವು ಸಲ ಹಚ್ಚುವುದು. ಆದರೆ ಜ್ವರ ಬಂದರೆ, ಮೇವು ಬಿಟ್ಟರೆ, ಹಾಲಿನಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ತಪ್ಪು ಕಲ್ಪನೆ: ಹಾಗಾದರೆ ಪ್ಯಾಕೆಟ್ ಹಾಲೆಲ್ಲ ವಿಷ.

ವಾಸ್ತವ: ಅಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ 6,432 ಮಾದರಿಗಳಲ್ಲಿ ಆ್ಯಂಟಿಬಯಾಟಿಕ್ ಮಿತಿ ಮೀರಿದ್ದು 77ರಲ್ಲಿ. ಹಾಲು ಬಿಡಬೇಕಾದ ಸ್ಥಿತಿ ಇದಲ್ಲ. ಆದರೆ ಆ 77ನ್ನೂ ಇಳಿಸಲು ಸಾಧ್ಯವಿದೆ.

ಯಾವ ಹಸುವಿಗೆ ಸೂಜಿ ಬಿದ್ದಿದೆ ಎಂಬುದು ಖಚಿತವಾಗಿ ಗೊತ್ತಿರುವುದು ಕರೆಯುವ ಕೈಗೆ ಮಾತ್ರ. ಅದರ ಕಾಲಿಗೆ ಕೆಂಪು ಬಟ್ಟೆ ಕಟ್ಟಿ, ಔಷಧದ ಹೆಸರು, ತಾರೀಖನ್ನು ಗೋಡೆಯ ಮೇಲೆ ಬರೆಯಿರಿ. ಮನೆಯಲ್ಲಿ ಯಾರು ಕರೆದರೂ ಅದನ್ನು ಕೊನೆಗೆ, ಬೇರೆ ಪಾತ್ರೆಗೆ ಕರೆಯಲಿ. ಕೈತಪ್ಪಿ ಆ ಹಾಲು ಕ್ಯಾನಿಗೆ ಬಿದ್ದರೆ ಸಂಘದ ಕಾರ್ಯದರ್ಶಿಗೆ ಆಗಲೇ ಹೇಳಿ. ಕಾರ್ಯದರ್ಶಿಗಳಲ್ಲೂ ಒಂದು ಕೋರಿಕೆ: ಹಾಗೆ ಬಂದು ಹೇಳಿದವರನ್ನು ಎಲ್ಲರೆದುರು ಗದರಬೇಡಿ. ನಾಳೆ ಇನ್ನೊಬ್ಬರು ಬಂದು ಹೇಳುವಂತಿರಬೇಕು.