ಜೀವಕೋಶದಲ್ಲಿ ಒಂದು ಅಕ್ಷರ ತಪ್ಪಿದಾಗ

ಜೀವಶಾಸ್ತ್ರದ ಪಠ್ಯಪುಸ್ತಕವನ್ನು ತೆರೆದ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಹೆಸರುಗಳ ಒಂದು ದೊಡ್ಡ ಪಟ್ಟಿ. ಜೀವಕೋಶ, ಕೋಶಕೇಂದ್ರ, ವರ್ಣತಂತು, ಡಿ.ಎನ್.ಎ., ಆರ್.ಎನ್.ಎ., ಪ್ರೋಟೀನು ಇವುಗಳನ್ನು ಉರುಹೊಡೆದು, ಪರೀಕ್ಷೆಯಲ್ಲಿ ಬರೆದು, ಅನಂತರ ಮರೆತುಬಿಡುವುದೇ ವಾಡಿಕೆ. ಆದರೆ ಇವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ, ಇವುಗಳಲ್ಲಿ ಅತ್ಯಲ್ಪ ದೋಷ ತಲೆದೋರಿದರೂ ಒಂದು ಕುಟುಂಬದ ಸುಖದುಃಖಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಅರಿಯಲು ಒಂದೇ ರೋಗದ ಕಥೆ ಸಾಕು. ಅದು ಕುಡುಗೋಲು ಕಣ ರಕ್ತಹೀನತೆ. ವೈದ್ಯರು ‘ಸಿಕಲ್ ಸೆಲ್’ ಎಂದು ಕರೆಯುವ ಆನುವಂಶಿಕ ರೋಗ.

ಷಿಕಾಗೊದ ರೋಗಿ

1904ರಲ್ಲಿ ಅಮೆರಿಕದ ಷಿಕಾಗೊ ನಗರದ ಆಸ್ಪತ್ರೆಯೊಂದಕ್ಕೆ ಇಪ್ಪತ್ತು ವರ್ಷದ ತರುಣನೊಬ್ಬ ಕೆಮ್ಮು, ಜ್ವರಗಳಿಂದ ಬಳಲುತ್ತ ಬಂದನು. ಗ್ರೆನಡಾ ದ್ವೀಪದಿಂದ ದಂತವೈದ್ಯ ಶಾಸ್ತ್ರವನ್ನು ಕಲಿಯಲು ಬಂದಿದ್ದ ವಿದ್ಯಾರ್ಥಿ ಅವನು. ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ವಿಚಿತ್ರವೊಂದು ಕಂಡಿತು. ಆರೋಗ್ಯವಂತರ ಕೆಂಪು ರಕ್ತಕಣವು ನಡುವೆ ಬೆರಳಿನಿಂದ ಒತ್ತಿದ ಪೇಢೆಯಂತೆ ದುಂಡಗೆ ಇರುತ್ತದೆ. ಈ ತರುಣನ ಅನೇಕ ರಕ್ತಕಣಗಳು ಕುಡುಗೋಲಿನಂತೆ ಬಾಗಿದ್ದವು. ಡಾ. ಜೇಮ್ಸ್ ಹೆರಿಕ್ ಅವರು 1910ರಲ್ಲಿ ಈ ವಿವರವನ್ನು ಪ್ರಕಟಿಸಿದರು. ಕಣಗಳು ಬಾಗುವುದೇಕೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಮುಂದೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಆ ಉತ್ತರವು ಜೀವಕೋಶದ ಒಳಗಿನ ಬರವಣಿಗೆಯಲ್ಲಿ ಅಡಗಿತ್ತು.

ಮೂಲ ಪುಸ್ತಕ ಮತ್ತು ಅದರ ನಕಲು

ನಮ್ಮ ಶರೀರದ ಬಹುತೇಕ ಎಲ್ಲ ಬಗೆಯ ಜೀವಕೋಶಗಳಲ್ಲೂ ಕೋಶಕೇಂದ್ರವಿದೆ. ಅದರಲ್ಲಿ 23 ಜೊತೆ, ಅಂದರೆ 46 ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದದ್ದು. ವರ್ಣತಂತುವಿನೊಳಗೆ ಸುರುಳಿಯಾಗಿ ಸುತ್ತಿಕೊಂಡಿರುವ ಉದ್ದನೆಯ ಎಳೆಯೇ ಡಿ.ಎನ್.ಎ. ಇದರ ಲಿಪಿಯಲ್ಲಿ ನಾಲ್ಕೇ ಅಕ್ಷರಗಳು: ಎ, ಟಿ, ಜಿ ಮತ್ತು ಸಿ. ತಾಯಿತಂದೆಯರಲ್ಲಿ ಒಬ್ಬೊಬ್ಬರಿಂದ ಬರುವ ಡಿ.ಎನ್.ಎ.ಯಲ್ಲಿ ಇಂತಹ ಅಕ್ಷರಗಳು ಸುಮಾರು 300 ಕೋಟಿ.

ಡಿ.ಎನ್.ಎ.ಯನ್ನು ಬ್ಯಾಂಕಿನ ಲೆಡ್ಜರಿಗೆ ಹೋಲಿಸಬಹುದು. ಮೂಲ ಲೆಡ್ಜರನ್ನು ಯಾರೂ ಕಚೇರಿಯಿಂದ ಹೊರಗೆ ಒಯ್ಯುವುದಿಲ್ಲ. ಬೇಕಾದ ಪುಟದ ನಕಲನ್ನಷ್ಟೇ ತೆಗೆದು ಕೊಡಲಾಗುತ್ತದೆ. ಅದೇ ರೀತಿ ಡಿ.ಎನ್.ಎ. ಕೋಶಕೇಂದ್ರದಲ್ಲೇ ಭದ್ರವಾಗಿರುತ್ತದೆ. ಅದರ ಒಂದು ಪುಟವನ್ನು, ಅಂದರೆ ಒಂದು ವಂಶವಾಹಿಯನ್ನು, ಆರ್.ಎನ್.ಎ. ಎಂಬ ನಕಲಾಗಿ ಬರೆದು ಹೊರಗೆ ಕಳಿಸಲಾಗುತ್ತದೆ. ರೈಬೊಸೋಮುಗಳೆಂಬ ಸೂಕ್ಷ್ಮ ಘಟಕಗಳು ಆ ನಕಲನ್ನು ಮೂರು ಮೂರು ಅಕ್ಷರಗಳಂತೆ ಓದುತ್ತವೆ. ಓದಿದ ತ್ರಿಕಕ್ಕೆ ಒಂದು ಅಮೈನೊ ಆಮ್ಲದಂತೆ ಸರವಾಗಿ ಪೋಣಿಸುತ್ತವೆ. ಆ ಸರವೇ ಪ್ರೋಟೀನು. ಯಾವ ತ್ರಿಕಕ್ಕೆ ಯಾವ ಅಮೈನೊ ಆಮ್ಲ ಎಂಬ ಗೂಢಲಿಪಿಯನ್ನು ಬಿಡಿಸುವಲ್ಲಿ ಅವಿಭಜಿತ ಪಂಜಾಬಿನಲ್ಲಿ ಜನಿಸಿದ ಹರ್ ಗೋವಿಂದ್ ಖೊರಾನಾ ಅವರ ಪಾತ್ರ ಹಿರಿದು. 1968ರ ನೊಬೆಲ್ ಪಾರಿತೋಷಕವು ಅವರಿಗೂ, ಮಾರ್ಷಲ್ ನೈರೆನ್‌ಬರ್ಗ್ ಹಾಗೂ ರಾಬರ್ಟ್ ಹಾಲಿ ಅವರಿಗೂ ಸಂದಿತು.

ತಪ್ಪಿದ ಅಕ್ಷರ

ಕೆಂಪು ರಕ್ತಕಣವು ಮೂಳೆಯ ಮಜ್ಜೆಯಲ್ಲಿ ಬೆಳೆಯುತ್ತದೆ. ಬಲಿತು ರಕ್ತಕ್ಕೆ ಇಳಿಯುವ ಮುನ್ನ ಅದು ತನ್ನ ಕೋಶಕೇಂದ್ರವನ್ನು ಹೊರಹಾಕುತ್ತದೆ. ಅಷ್ಟರೊಳಗೆ ಅದರಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು ತುಂಬಿರುತ್ತವೆ. ಆಮ್ಲಜನಕವನ್ನು ಹೊರುವ ಈ ಪ್ರೋಟೀನಿನಲ್ಲಿ ನಾಲ್ಕು ಸರಗಳಿವೆ: ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರದಲ್ಲಿ 146 ಅಮೈನೊ ಆಮ್ಲಗಳಿವೆ.

ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿಯಲ್ಲಿ ಚಲಿಸುತ್ತದೆಂದು ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು 1949ರಲ್ಲಿ ತೋರಿಸಿ, ಇದನ್ನು ‘ಅಣುವಿನ ರೋಗ’ವೆಂದು ಕರೆದರು. 1956–57ರಲ್ಲಿ ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್ ಅವರು ದೋಷದ ನೆಲೆಯನ್ನೇ ಕಂಡುಹಿಡಿದರು. ಬೀಟಾ ಸರದ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕಾದಲ್ಲಿ ವ್ಯಾಲೀನ್ ಇತ್ತು. ಡಿ.ಎನ್.ಎ.ಯಲ್ಲಿ ಜಿ-ಎ-ಜಿ ಎಂದಿರಬೇಕಾದ ತ್ರಿಕವು ಜಿ-ಟಿ-ಜಿ ಎಂದಾಗಿರುವುದೇ ಇದರ ಕಾರಣ. 300 ಕೋಟಿಯಲ್ಲಿ ತಪ್ಪಿದ್ದು ಒಂದೇ ಅಕ್ಷರ.

ಗ್ಲುಟಾಮಿಕ್ ಆಮ್ಲ ನೀರಿಗೆ ಒಲಿಯುವಂಥದು. ವ್ಯಾಲೀನ್ ನೀರಿನಿಂದ ದೂರ ಸರಿಯುವಂಥದು. ಆದ್ದರಿಂದ ಆಮ್ಲಜನಕವನ್ನು ಬಿಟ್ಟುಕೊಟ್ಟ ಒಡನೆ ಈ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ನಾರುಗಳಾಗುತ್ತವೆ. ಕಣ ಬಿರುಸಾಗಿ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಬಿದ್ದು ರಕ್ತದ ಹರಿವನ್ನು ತಡೆಯುತ್ತದೆ. ಮೂಳೆ, ಎದೆ, ಹೊಟ್ಟೆಗಳಲ್ಲಿ ಸಹಿಸಲಾಗದ ನೋವು ಬರುವುದು ಇದರಿಂದಲೇ. ಸುಮಾರು 120 ದಿನ ಬಾಳಬೇಕಾದ ಕಣ 10ರಿಂದ 20 ದಿನಗಳಲ್ಲಿ ಅಳಿಯುವುದರಿಂದ ರಕ್ತಹೀನತೆ ಉಂಟಾಗುತ್ತದೆ. ಕಬ್ಬಿಣದ ಗುಳಿಗೆಗಳಿಂದ ಈ ದೋಷ ಸರಿಹೋಗುವುದಿಲ್ಲ.

ವಾಹಕರು ಯಾರು?

ತಂದೆ, ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದರೆ ಮಗುವಿಗೆ ರೋಗ ಬರುತ್ತದೆ. ಒಬ್ಬರಿಂದ ಮಾತ್ರ ಬಂದರೆ ಆ ವ್ಯಕ್ತಿ ವಾಹಕ, ಸಾಮಾನ್ಯವಾಗಿ ಆರೋಗ್ಯವಂತನೇ. ವಾಹಕರಿಗೆ ತೀವ್ರ ಮಲೇರಿಯದಿಂದ ರಕ್ಷಣೆಯೂ ದೊರೆಯುತ್ತದೆ ಎಂಬುದನ್ನು ಆಂಥನಿ ಆಲಿಸನ್ 1954ರಲ್ಲಿ ತೋರಿಸಿದರು. ಮಲೇರಿಯ ಹೆಚ್ಚಾಗಿದ್ದ ನಾಡುಗಳಲ್ಲಿ ಈ ವಂಶವಾಹಿ ಉಳಿದುಬಂದದ್ದು ಹೀಗೆ.

ನಮ್ಮ ದೇಶದಲ್ಲಿ 1952ರಲ್ಲಿ ಇದು ನೀಲಗಿರಿಯ ಗಿರಿಜನರಲ್ಲಿ ಕಂಡುಬಂತು. ಮಧ್ಯಪ್ರದೇಶ, ಛತ್ತೀಸಗಢ, ಗುಜರಾತ, ಒಡಿಶಾ, ಮಹಾರಾಷ್ಟ್ರದ ವಿದರ್ಭ, ಕೇರಳದ ವಯನಾಡು, ಕರ್ನಾಟಕದ ದಕ್ಷಿಣದ ಕಾಡಂಚಿನ ಜಿಲ್ಲೆಗಳಲ್ಲೂ ಇದೆ. ಇದು ಗಿರಿಜನರಿಗೆ ಮಾತ್ರ ಸೀಮಿತವೂ ಅಲ್ಲ.

ವಾಹಕರಿಬ್ಬರು ವಿವಾಹವಾದರೆ ಪ್ರತಿಯೊಂದು ಗರ್ಭದಲ್ಲೂ ರೋಗದ ಸಂಭವ ನಾಲ್ಕರಲ್ಲಿ ಒಂದು, ವಾಹಕ ಮಗುವಿನ ಸಂಭವ ನಾಲ್ಕರಲ್ಲಿ ಎರಡು. ಮೊದಲ ಮಗುವಿಗೆ ರೋಗ ಬಂದಿತೆಂದು ಮುಂದಿನ ಮೂವರು ಪಾರಾದರೆಂಬ ಲೆಕ್ಕ ತಪ್ಪು. ಪ್ರತಿ ಗರ್ಭಕ್ಕೂ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ. ಇದರ ವಾಹಕರೂ ಬೀಟಾ ಥಲಸೀಮಿಯದ ವಾಹಕರೂ ವಿವಾಹವಾದರೂ ಅಪಾಯವುಂಟು.

ಏನು ಮಾಡಬೇಕು?

ಹಿಮೋಗ್ಲೋಬಿನ್ನಿನ ಬಗೆಯನ್ನು ತಿಳಿಸುವ ರಕ್ತಪರೀಕ್ಷೆಯಿಂದ ವಾಹಕರನ್ನು ಗುರುತಿಸಬಹುದು. ಭಾರತ ಸರಕಾರವು ಈ ರೋಗದ ನಿರ್ಮೂಲನಕ್ಕಾಗಿ 2023ರಲ್ಲಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿದ್ದು, 2047ರ ಗುರಿಯನ್ನು ಇಟ್ಟುಕೊಂಡಿದೆ. ರೋಗ ಬಂದವರು ಸಾಕಷ್ಟು ನೀರು ಕುಡಿಯುವುದು, ಸೋಂಕಿನಿಂದ ರಕ್ಷಿಸಿಕೊಳ್ಳುವುದು, ವೈದ್ಯರ ಸಲಹೆಯಂತೆ ಹೈಡ್ರಾಕ್ಸಿಯೂರಿಯ ಸೇವಿಸುವುದು ಹಿತಕರ. ವಂಶವಾಹಿಗಳಲ್ಲಿ ತಿದ್ದುಪಡಿ ಮಾಡಿ, ಗರ್ಭಾವಸ್ಥೆಯ ಹಿಮೋಗ್ಲೋಬಿನ್ ಪುನಃ ತಯಾರಾಗುವಂತೆ ಮಾಡುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಅನುಮತಿ ನೀಡಿವೆ. ಅದರ ವೆಚ್ಚ ಮಾತ್ರ ಸಾಮಾನ್ಯರ ಕೈಗೆ ಎಟುಕುವಂತಿಲ್ಲ. ರಕ್ತಪರೀಕ್ಷೆಯ ವೆಚ್ಚ ಎಟುಕುತ್ತದೆ.

ವಿವಾಹಕ್ಕೆ ಮುನ್ನ ಜಾತಕಗಳನ್ನು ತಾಳೆನೋಡುವ ಮನೆಗಳಲ್ಲಿ ಈ ಪರೀಕ್ಷೆಯನ್ನೂ ಮಾಡಿಸುವ ಪದ್ಧತಿ ಬರಬೇಕು. ವಾಹಕಳೆಂದು ತಿಳಿದ ಮಾತ್ರಕ್ಕೆ ಹುಡುಗಿಯನ್ನು ದೂರವಿಡುವುದಾಗಲಿ, ರೋಗಪೀಡಿತ ಮಗುವಿನ ತಾಯಿಯೊಬ್ಬಳನ್ನೇ ದೂಷಿಸುವುದಾಗಲಿ ಅಜ್ಞಾನ. ತಂದೆಯ ಪುಟದಲ್ಲೂ ದೋಷವಿಲ್ಲದೆ ರೋಗ ಬರುವಂತಿಲ್ಲ. ಜೀವಕೋಶದ ಮೊದಲ ಪಾಠವನ್ನು ಅರ್ಥಮಾಡಿಕೊಂಡ ವಿದ್ಯಾರ್ಥಿಯು ಇಷ್ಟನ್ನು ತನ್ನ ಮನೆಯ ಹಿರಿಯರಿಗೆ ತಿಳಿಸಿಹೇಳಿದರೆ, ಆ ಪಾಠ ಪರೀಕ್ಷೆಯ ಆಚೆಗೂ ಸಾರ್ಥಕವಾಗುತ್ತದೆ.