ಗುಜರಿ ಕಂಪ್ಯೂಟರಿಗೊಂದು ಮನೆಗೆಲಸ

ಅಮೆರಿಕದ ಟೆನೆಸೀ ರಾಜ್ಯದಲ್ಲಿ ಓಕ್ ರಿಡ್ಜ್ ಎಂಬ ರಾಷ್ಟ್ರೀಯ ಪ್ರಯೋಗಾಲಯವಿದೆ. ಅಲ್ಲಿನ ವಿಲಿಯಂ ಹಾರ್‌ಗ್ರೋವ್ ಮತ್ತು ಫಾರೆಸ್ಟ್ ಹಾಫ್‌ಮನ್ ಎಂಬ ಇಬ್ಬರು ವಿಜ್ಞಾನಿಗಳಿಗೆ 1996ರಲ್ಲಿ ಒಂದು ನಕ್ಷೆ ಬೇಕಾಗಿತ್ತು. ತಮ್ಮ ದೇಶದ ನೆಲವನ್ನು ಒಂದೊಂದು ಚದರ ಕಿಲೋಮೀಟರಿನ 78 ಲಕ್ಷ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಮಳೆ, ಉಷ್ಣತೆ, ಮಣ್ಣಿನ ಗುಣ ಮುಂತಾದ 25 ಅಂಶಗಳನ್ನು ಹೋಲಿಸಿ, ಎಲ್ಲೆಲ್ಲಿ ಒಂದೇ ಬಗೆಯ ಪರಿಸರವಿದೆಯೆಂದು ಗುರುತಿಸುವ ನಕ್ಷೆ ಅದು. ಗುಣಿಸಿ ನೋಡಿದರೆ ಇಪ್ಪತ್ತು ಕೋಟಿಯ ಹತ್ತಿರದಷ್ಟು ಅಂಕಿಗಳು! 64 ಹೊಸ ಕಂಪ್ಯೂಟರುಗಳಿಗೆ ಹಣ ಬೇಕೆಂದು ಅವರು ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು.

ಆಗ ಅವರ ಕಣ್ಣು ಬಿದ್ದದ್ದು ಮೂಲೆ ಸೇರಿದ್ದ ಹಳೆಯ ಯಂತ್ರಗಳ ಮೇಲೆ. ಹೊಸ ಕಂಪ್ಯೂಟರ್ ಬಂದೊಡನೆ ಯಾರಿಗೂ ಬೇಡವಾಗುತ್ತಿದ್ದ 486 ಯಂತ್ರಗಳನ್ನು ಕೇಳಿ ತಂದು, ತಂತಿಯಿಂದ ಒಂದಕ್ಕೊಂದು ಜೋಡಿಸಿ, ಲಿನಕ್ಸ್ ಎಂಬ ಉಚಿತ ತಂತ್ರಾಂಶವನ್ನು ತುಂಬಿದರು. 1997ರಲ್ಲಿ ಕೆಲಸ ಶುರುವಾಯಿತು. ಹೆಚ್ಚು ವೇಗದ ಯಂತ್ರವೊಂದು ದಾನವಾಗಿ ಬಂದಾಗ ತೀರಾ ಹಳೆಯದೊಂದನ್ನು ಹೊರಗಿಡುತ್ತಾ ಹೋದರು. 2001ರ ಹೊತ್ತಿಗೆ ಅಲ್ಲಿದ್ದ ಯಂತ್ರಗಳ ಸಂಖ್ಯೆ 130 ದಾಟಿತ್ತು, ನಕ್ಷೆಯೂ ಸಿದ್ಧವಾಗಿತ್ತು. ಅದಕ್ಕೆ ಅವರಿಟ್ಟ ಹೆಸರು ‘ಸ್ಟೋನ್ ಸೂಪರ್‌ಕಂಪ್ಯೂಟರ್’. ಯೂರೋಪಿನಲ್ಲೊಂದು ಜನಪದ ಕಥೆಯುಂಟು: ಹಸಿದ ಪ್ರಯಾಣಿಕರು ನೀರಿಗೆ ಕಲ್ಲು ಹಾಕಿ ಸಾರು ಕಾಯಿಸುತ್ತೇವೆಂದು ಕೂರುತ್ತಾರೆ, ಕುತೂಹಲಕ್ಕೆ ಬಂದ ಊರವರು ಒಬ್ಬೊಬ್ಬರೂ ಒಂದೊಂದು ತರಕಾರಿ ಹಾಕಿ ಕೊನೆಗೆ ನಿಜವಾಗಿಯೇ ಒಳ್ಳೆಯ ಸಾರಾಗುತ್ತದೆ. ಸಾರಿನ ‘ಸೂಪ್’ ಅನ್ನು ‘ಸೂಪರ್’ನೊಳಗೆ ಸೇರಿಸಿದ ಶ್ಲೇಷೆ ಅದು.

ಅಷ್ಟು ದೊಡ್ಡ ಸಾಹಸ ಮನೆಗೆ ಬೇಕಿಲ್ಲ. ಒಂದೇ ಒಂದು ಹಳೆಯ ಯಂತ್ರ ಸಾಕು, ಮನೆಯಲ್ಲೊಂದು ‘ಸರ್ವರ್’ ನಿಲ್ಲಿಸಬಹುದು.

ಸರ್ವರ್ ಎಂಬ ಮಾತು ಕೇಳಿದೊಡನೆ ಹವಾನಿಯಂತ್ರಿತ ಕೋಣೆ, ಮಿಣುಕುವ ದೀಪಗಳ ಸಾಲು ಕಣ್ಣಮುಂದೆ ಬರುವುದು ಸಹಜ. ಆದರೆ ಆ ಪದದ ಅರ್ಥ ಬಡಿಸುವವನು ಎಂದಷ್ಟೆ. ಹೋಟೆಲಿನ ಮಾಣಿಯಂತೆ ಕೇಳಿದವರಿಗೆ ಕೇಳಿದ್ದನ್ನು ತಂದು ಕೊಡುವುದು ಅದರ ಕೆಲಸ. ಮಾಣಿ ಪೈಲ್ವಾನನಾಗಿರಬೇಕಾಗಿಲ್ಲ, ಕರೆದಾಗ ಎಚ್ಚರವಾಗಿದ್ದರಾಯಿತು. ಜಗತ್ತಿನ ಮೊಟ್ಟಮೊದಲ ವೆಬ್ ಸರ್ವರ್ ಕೂಡ ಮೇಜಿನ ಮೇಲಿನ ಒಂದು ಕಂಪ್ಯೂಟರೇ. ಜಿನೀವಾ ಬಳಿಯ ಸೆರ್ನ್ ಸಂಸ್ಥೆಯಲ್ಲಿ 1990ರಲ್ಲಿ ಟಿಮ್ ಬರ್ನರ್ಸ್-ಲೀ ಬಳಸುತ್ತಿದ್ದ ಆ ಯಂತ್ರಕ್ಕೆ, ಇದು ಸರ್ವರ್, ಆರಿಸಬೇಡಿ ಎಂಬ ಅರ್ಥದ ಚೀಟಿಯನ್ನು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದರು. ಯಾರಾದರೂ ಸ್ವಿಚ್ ಒತ್ತಿದ್ದರೆ ಅಂದಿನ ಇಡೀ ವರ್ಲ್ಡ್ ವೈಡ್ ವೆಬ್ ಆರಿಹೋಗುತ್ತಿತ್ತು!

ಮನೆಯಲ್ಲಿ ಇದು ಏನನ್ನು ಬಡಿಸೀತು? ಎಲ್ಲರ ಫೋನಿನಲ್ಲಿ ಚೆಲ್ಲಾಪಿಲ್ಲಿಯಾಗಿರುವ ಫೋಟೋಗಳು, ಸ್ಕ್ಯಾನ್ ಮಾಡಿಟ್ಟ ಅಂಕಪಟ್ಟಿಗಳು, ಪಾಠದ ಟಿಪ್ಪಣಿಗಳು ಒಂದೆಡೆ ಇರುತ್ತವೆ, ಮನೆಯ ಯಾವ ಕೋಣೆಯಿಂದಲಾದರೂ ಸಿಗುತ್ತವೆ. ವಿದ್ಯಾರ್ಥಿಗಳಿಗೆ ಇನ್ನೂ ಒಳ್ಳೆಯದೊಂದಿದೆ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ವಿಕಿಪೀಡಿಯಾದ ಪ್ರತಿಯನ್ನೇ ಇದರಲ್ಲಿ ಇಳಿಸಿಟ್ಟುಕೊಳ್ಳಬಹುದು. ಕನ್ನಡ ವಿಕಿಪೀಡಿಯಾವಂತೂ ತೀರಾ ಕಡಿಮೆ ಜಾಗ ಹಿಡಿಯುತ್ತದೆ. ಆ ಮೇಲೆ ಇಂಟರ್ನೆಟ್ ಇಲ್ಲದ ಹೊತ್ತಿನಲ್ಲೂ ಮನೆಯ ವೈಫೈ ಮೂಲಕ ಮಕ್ಕಳು ಅದನ್ನು ಓದುತ್ತಾರೆ, ಅದೂ ನಡುವೆ ಜಾಹೀರಾತು, ವಿಡಿಯೋಗಳ ಕಾಟವಿಲ್ಲದೆ.

ಹಳೆಯ ಯಂತ್ರಗಳಿಗೆ ಈಗ ಬರವೂ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರುಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಹೀಗಾಗಿ ಏನೂ ಕೆಡದ ಯಂತ್ರಗಳೂ ಕಚೇರಿಗಳಿಂದ ಹೊರಬೀಳುತ್ತಿವೆ. ಬೆಂಗಳೂರಿನ ಎಸ್.ಪಿ. ರೋಡ್, ಅಂದರೆ ಸದರ್ ಪತ್ರಪ್ಪ ರಸ್ತೆ, ಇಂಥ ಸರಕಿಗೆ ಹೆಸರುವಾಸಿ. ಚೆನ್ನೈನ ರಿಚಿ ಸ್ಟ್ರೀಟ್, ಮುಂಬೈನ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್ ಇದರ ಸೋದರರು.

ಕೊಳ್ಳುವಾಗ

ಪ್ರೊಸೆಸರ್ 64 ಬಿಟ್‌ನದಾಗಿರಲಿ. 2025ರಲ್ಲಿ ಬಂದ ಡೆಬಿಯನ್ 13 ಲಿನಕ್ಸ್, 32 ಬಿಟ್‌ನ ಹಳೆಯ ಇಂಟೆಲ್ ಯಂತ್ರಗಳಿಗೆ ಅನುಸ್ಥಾಪನಾ ತಂತ್ರಾಂಶ ಕೊಡುವುದನ್ನೇ ನಿಲ್ಲಿಸಿತು. ಮನೆಗೆಲಸಕ್ಕೆ 4 ಜಿಬಿ ರ‍್ಯಾಮ್ ಸಾಕು. ಆದರೆ ಡಿಡಿಆರ್2, ಡಿಡಿಆರ್3, ಡಿಡಿಆರ್4 ಎಂಬ ರ‍್ಯಾಮ್‌ಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಪಟ್ಟಿಯ ಅಂಚಿನಲ್ಲಿರುವ ಕಚ್ಚಿನ ಸ್ಥಾನವೇ ಬೇರೆ ಬೇರೆ. ಒತ್ತಿ ಕೂರಿಸಲು ಹೋದರೆ ಮದರ್‌ಬೋರ್ಡಿಗೇ ಪೆಟ್ಟು. ಮೊದಲೇ ಬೋರ್ಡಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಅಂಗಡಿಗೆ ಹೋಗುವುದು ಜಾಣತನ.

ಬೋರ್ಡನ್ನು ಬೆಳಕಿಗೆ ಹಿಡಿದು ನೋಡಬೇಕು. ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು, ಉಬ್ಬಿದ್ದರೆ ಅಥವಾ ಕಂದು ದ್ರವ ಒಸರಿದ್ದರೆ ಆ ಬೋರ್ಡ್ ಬೇಡ. ಗಡಿಯಾರ ಪ್ರತಿ ಸಲ ಹಿಂದಕ್ಕೆ ಹೋಗುತ್ತಿದೆಯೇ? ಗಾಬರಿ ಬೇಡ, ನಾಣ್ಯದಾಕಾರದ 3 ವೋಲ್ಟಿನ ಸಿಆರ್2032 ಶುಷ್ಕಕೋಶವನ್ನು ಬದಲಿಸಿದರಾಯಿತು. ರ‍್ಯಾಮ್ ತಕರಾರು ಮಾಡಿದರೆ ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜುವುದು ರಿಪೇರಿಯವರ ಹಳೆಯ ಉಪಾಯ. ಎಷ್ಟೋ ಸಲ ‘ಸತ್ತ’ ಕಂಪ್ಯೂಟರ್ ಇಷ್ಟಕ್ಕೇ ಎದ್ದು ಕೂರುತ್ತದೆ.

ಹಳೆಯದಾಗಿ ಕೊಳ್ಳಲೇಬಾರದ ಭಾಗವೆಂದರೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆ. ಅದೊಂದು ಕೆಟ್ಟರೆ ಉಳಿದುದನ್ನೂ ಜೊತೆಗೆ ಕರೆದೊಯ್ಯಬಲ್ಲದು. ಅದನ್ನು ಬಿಚ್ಚುವುದಂತೂ ಕೂಡದು. ಮನೆಯ 230 ವೋಲ್ಟ್ ಪರ್ಯಾಯ ವಿದ್ಯುತ್ತಿನ ಗರಿಷ್ಠ ಮೌಲ್ಯ ಅದನ್ನು 2ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು 325 ವೋಲ್ಟ್. ಪಿಯುಸಿ ವಿದ್ಯಾರ್ಥಿಗಳಿಗೆ ಇದು ಗೊತ್ತಿರಬೇಕು! ಒಳಗಿನ ಕೆಪಾಸಿಟರಿನಲ್ಲಿ ಈ ಮಟ್ಟದ ವಿದ್ಯುದಂಶ ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ತಂದೆತಾಯಿಯರು ಕೇಳುವ ಮೊದಲ ಪ್ರಶ್ನೆ ಕರೆಂಟ್ ಬಿಲ್ಲಿನದು, ನ್ಯಾಯವಾದದ್ದೇ. ಯಂತ್ರವೊಂದು ಸದಾ 60 ವಾಟ್ ಎಳೆಯುತ್ತಿದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 720 ಗಂಟೆ, ಅಂದರೆ 43.2 ಯೂನಿಟ್. ಅದೇ 15 ವಾಟಿನಲ್ಲಿ ನಡೆಯುವ ಹಳೆಯ ಲ್ಯಾಪ್‌ಟಾಪ್ ಆದರೆ 10.8 ಯೂನಿಟ್ ಮಾತ್ರ. ಕೆಲವು ಪೆಂಟಿಯಂ 4 ಪ್ರೊಸೆಸರುಗಳು ತಾವೊಂದೇ 100 ವಾಟಿಗೂ ಹೆಚ್ಚು ಶಾಖ ಹೊರಹಾಕಬಲ್ಲವು. ಅಂಥದ್ದನ್ನು ಬಿಟ್ಟಿ ಕೊಟ್ಟರೂ ಬೇಡವೆನ್ನುವುದೇ ಲಾಭ. ಪರದೆ ಒಡೆದ ಲ್ಯಾಪ್‌ಟಾಪ್ ಈ ಕೆಲಸಕ್ಕೆ ಅಚ್ಚುಮೆಚ್ಚು: ಬೆಲೆ ಕಡಿಮೆ, ಸದ್ದು ಕಡಿಮೆ, ಕರೆಂಟ್ ಹೋದಾಗ ಅದರ ಬ್ಯಾಟರಿಯೇ ಯುಪಿಎಸ್. ಬ್ಯಾಟರಿ ಉಬ್ಬಿದ್ದರೆ ಮಾತ್ರ ಬಳಸಕೂಡದು, ಬೆಂಕಿಯ ಅಪಾಯವುಂಟು.

ಡಿಸ್ಕ್ ಎಂಬ ದುರ್ಬಲ ಕೊಂಡಿ

ಬೋರ್ಡ್ ಸತ್ತರೆ ಇನ್ನೊಂದು ಬೋರ್ಡ್ ಸಿಗುತ್ತದೆ, ಮಗುವಿನ ಮೊದಲ ಹೆಜ್ಜೆಯ ಫೋಟೋ ಇನ್ನೊಮ್ಮೆ ಸಿಗುವುದಿಲ್ಲ. ಆದ್ದರಿಂದ ಜಿಪುಣತನಕ್ಕೆ ಜಾಗವಿಲ್ಲದ ಭಾಗ ಹಾರ್ಡ್‌ಡಿಸ್ಕ್. ಪ್ರತಿ ಡಿಸ್ಕೂ ‘ಸ್ಮಾರ್ಟ್’ ಎಂಬ ಆರೋಗ್ಯ ದಾಖಲೆಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಎಷ್ಟು ಗಂಟೆ ತಿರುಗಿದೆ, ಎಷ್ಟು ಜಾಗ ಕೆಟ್ಟು ಬದಲಿಯಾಗಿದೆ ಎಂಬುದನ್ನು ಅಂಗಡಿಯಲ್ಲೇ ಉಚಿತ ತಂತ್ರಾಂಶದಿಂದ ಓದಬಹುದು. ವರ್ಷಕ್ಕೆ 8,760 ಗಂಟೆ. ದಾಖಲೆಯಲ್ಲಿ 35,000 ಎಂದಿದ್ದರೆ ಅದು ನಾಲ್ಕು ವರ್ಷ ಹಗಲಿರುಳು ದುಡಿದ ಡಿಸ್ಕ್.

ಆದರೆ ಈ ಜಾತಕವನ್ನೂ ಪೂರ್ತಿ ನಂಬುವಂತಿಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚಿತ್ತು. ವಿಚಿತ್ರವೆಂದರೆ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಅಪಾಯಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ! ದೋಷ ಕಂಡರೆ ಡಿಸ್ಕ್ ಬಿಡಿ ಎಂಬುದು ಸರಿ. ದೋಷ ಕಾಣದಿದ್ದರೆ ನಿಶ್ಚಿಂತೆ ಎಂಬುದು ತಪ್ಪು.

ಗೂಗಲ್‌ಗೆ ಈ ವಿಷಯ ಬಾಲ್ಯದಿಂದಲೇ ಗೊತ್ತು. 1996ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಪೇಜ್, ಸೆರ್ಗೈ ಬ್ರಿನ್ ಇನ್ನೂ ವಿದ್ಯಾರ್ಥಿಗಳಾಗಿದ್ದಾಗ, 4 ಜಿಬಿಯ ಹತ್ತು ಡಿಸ್ಕುಗಳನ್ನು ಮಕ್ಕಳ ಆಟದ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಿದ ಗೂಡಿನಲ್ಲಿ ಜೋಡಿಸಿದ್ದರು. ಕಂಪನಿಯಾದ ಮೇಲೂ, 1999ರಲ್ಲಿ, ತಟ್ಟೆಗಳ ಮೇಲೆ ಕಾರ್ಕ್ ಹಾಸಿ ಅಗ್ಗದ ಬೋರ್ಡುಗಳನ್ನು ಸಾಲಾಗಿ ಇಟ್ಟರು. ಇಂಥವು ಆಗಾಗ ಕೆಡುವುದು ಖಂಡಿತ. ಅದಕ್ಕೇ ಒಂದು ಕೆಟ್ಟರೆ ಕೆಲಸ ಇನ್ನೊಂದಕ್ಕೆ ದಾಟುವಂತೆ ತಂತ್ರಾಂಶವನ್ನು ಬರೆದರು. ದುಬಾರಿ ಭಾಗವನ್ನು ನಂಬುವ ಬದಲು ಏರ್ಪಾಡನ್ನು ನಂಬುವ ಈ ಕ್ರಮ ಬಡವರ ಮನೆಗೆ ಹೆಚ್ಚು ಒಪ್ಪುತ್ತದೆ.

ಮನೆಯಲ್ಲಿ ಅದರ ರೂಪ ಸರಳ. ಬರೆದದ್ದೆಲ್ಲ ಏಕಕಾಲಕ್ಕೆ ಎರಡು ಡಿಸ್ಕಿಗೆ ಬೀಳುವಂತೆ ಲಿನಕ್ಸಿನಲ್ಲೇ ಹೇಳಿಡಬಹುದು. ಒಂದಾದರೂ ಹೊಸತಿರಲಿ. ಇದನ್ನು ಕನ್ನಡಿ ಪ್ರತಿ ಎನ್ನೋಣ. ಕನ್ನಡಿಗೆ ಒಂದು ದೋಷವಿದೆ: ಒಂದರಲ್ಲಿ ಕೈತಪ್ಪಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ. ಆದ್ದರಿಂದ ಮೂರನೆಯ ಪ್ರತಿಯೊಂದು ತಂತಿಗೆ ಸಿಕ್ಕಿಸದೆ, ಸಾಧ್ಯವಾದರೆ ಅಜ್ಜಿಯ ಮನೆಯ ಬೀರುವಿನಲ್ಲಿ, ಇರಲೇಬೇಕು. ಸಿಡಿಲು ಬಡಿದರೂ ಕಳ್ಳ ನುಗ್ಗಿದರೂ ಉಳಿಯುವುದು ಅದೇ. ಮಕ್ಕಳು ಎಷ್ಟೇ ಉತ್ಸಾಹ ತೋರಲಿ, ಅಭ್ಯಾಸವಾಗುವ ತನಕ ಸರ್ವರನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆದಿಡುವುದು ಬೇಡ. ಮನೆಯ ಗೋಡೆಯೊಳಗೇ ಇರಲಿ, ಮೊದಲೇ ಕೊಟ್ಟಿರುವ ಪಾಸ್‌ವರ್ಡನ್ನು ಅಂದೇ ಬದಲಿಸಲಿ.

ಎಲ್ಲ ಜೋಡಿಸಿಯಾದ ಮೇಲೆ ಒಂದು ಪ್ರಯೋಗ ಬಾಕಿ ಇರುತ್ತದೆ. ಬೇಡದ ನೂರು ಚಿತ್ರಗಳನ್ನು ತುಂಬಿ, ಯಂತ್ರವನ್ನು ಆರಿಸಿ, ಒಂದು ಡಿಸ್ಕಿನ ತಂತಿಯನ್ನು ಬೇಕೆಂದೇ ಕಿತ್ತು ಮತ್ತೆ ಹೊತ್ತಿಸಿ. ನೂರೂ ಚಿತ್ರಗಳು ತೆರೆಯಬೇಕು. ಬಳಿಕ ನಾಲ್ಕಾರು ಚಿತ್ರಗಳನ್ನು ಅಳಿಸಿ, ಮೂರನೆಯ ಪ್ರತಿಯಿಂದ ಅವನ್ನು ಮರಳಿ ತರಿಸಿ. ಇವೆರಡೂ ಆಗುವವರೆಗೆ ಫೋನಿನಲ್ಲಿರುವ ಅಸಲಿ ಚಿತ್ರಗಳು ಫೋನಿನಲ್ಲೇ ಇರಲಿ.