ಕತ್ತರಿಗಿಂತ ಮೊದಲು ಎರಡು ಮಾತು

ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಂಥ ಊರಲ್ಲಿ ಕಟಿಂಗ್ ಕುರ್ಚಿಗೆ ಬಂದು ಕೂರುವವರಲ್ಲಿ ಗುರುತಿಲ್ಲದವರು ಕಡಿಮೆ. ಒಬ್ಬರು ಅಕ್ಷರ ಕಲಿಸಿದ ಮಾಸ್ತರು, ಇನ್ನೊಬ್ಬರು ಅಪ್ಪನ ಗೆಳೆಯ. ಹೊಸದಾಗಿ ಕತ್ತರಿ ಹಿಡಿದವನಿಗೆ ಅದೇ ಕಷ್ಟ. ಪಟ್ಟಣದಲ್ಲಿ ಕೈ ತಪ್ಪಿದರೆ ಗಿರಾಕಿ ಮತ್ತೆ ಬರುವುದಿಲ್ಲ, ಅಷ್ಟೆ. ಇಲ್ಲಿ ಆ ತಲೆ ತಿಂಗಳಗಟ್ಟಲೆ ಚಹಾದಂಗಡಿ, ಸಂತೆ, ಜಾತ್ರೆಗಳಲ್ಲಿ ಓಡಾಡುತ್ತದೆ. "ತಮ್ಮಾ, ನೀ ಬ್ಯಾಡ, ದೊಡ್ಡಾಂವ ಬರ್ಲಿ" ಎಂದು ಯಾರಾದರೂ ಅಂದರಂತೂ ಸಂಕೋಚದ ಹುಡುಗನ ಕೈ ಇನ್ನಷ್ಟು ಬಿಗಿಯುತ್ತದೆ.

ಆದರೆ ಈ ಕಸುಬಿಗೆ ವಾಚಾಳಿಗಿಂತ ಮಿತಭಾಷಿಯೇ ಹೆಚ್ಚು ಒಗ್ಗುತ್ತಾನೆಂಬುದು ನನ್ನ ನಂಬಿಕೆ. ಗಿರಾಕಿಯ ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕಿಲ್ಲ. ಬೆನ್ನ ಹಿಂದೆ ನಿಂತು ಕನ್ನಡಿಯಲ್ಲಿ ನೋಡಿದರೆ ಸಾಕು. "ಮ್ಯಾಲೆ ಎಷ್ಟು ಇಡೂಣ್ರಿ? ಬಾಜೂಕ ಮಷಿನ್ ಹೊಡೀಲೇನ್ರಿ?" 'ಸಣ್ಣ ಮಾಡು' ಅನ್ನುವುದರಲ್ಲಿ ಒಬ್ಬೊಬ್ಬರ ಲೆಕ್ಕ ಒಂದೊಂದು. ಎರಡು ಬೆರಳ ನಡುವೆ ಕೂದಲು ಹಿಡಿದು "ಇಷ್ಟು ತೆಗೀಲೇನ್ರಿ?" ಎಂದು ತೋರಿಸಿದರೆ ಗೊಂದಲ ಅಲ್ಲೇ ತೀರಿತು. ಮಷಿನ್‌ನ ಒಂದು ನಂಬರ್ ಸುಮಾರು 3 ಮಿ.ಮೀ. ಕೂದಲು ಉಳಿಸುತ್ತದೆ, ಎರಡು ನಂಬರ್ 6 ಮಿ.ಮೀ. ಹುಡುಗರು ಮೊಬೈಲ್‌ನಲ್ಲಿ ನಟನ ಫೋಟೊ ತೋರಿಸಿದಾಗ ದೊಡ್ಡ ನಂಬರಿನಿಂದ ಶುರು ಮಾಡಿ ಇಳಿಯಬೇಕು.

ಬಾಚಣಿಕೆ ಆಡಿಸುವಾಗ ಮೊದಲು ನೋಡಬೇಕಾದದ್ದು ನೆತ್ತಿಯ ಸುಳಿ. ಅಲ್ಲಿ ತೀರಾ ಗಿಡ್ಡ ಮಾಡಿದರೆ ಕೂದಲು ಸೆಟೆದು ನಿಲ್ಲುತ್ತದೆ. ಗುಂಗುರು ಕೂದಲು ಒದ್ದೆಯಿದ್ದಾಗ ಉದ್ದ ಕಂಡು, ಒಣಗಿದ ಮೇಲೆ ಮೇಲೇರುತ್ತದೆ. "ಕಾಕಾ, ನಿಮಗ ಜೋಡು ಸುಳಿ ಅದಾವ್ರಿ, ಇಲ್ಲಿ ಸ್ವಲ್ಪ ಬಿಡ್ತೀನಿ" ಎಂದರೆ ಕುರ್ಚಿಯಲ್ಲಿದ್ದವರ ಹೆಗಲು ಸಡಿಲಾಗುತ್ತದೆ. ಈ ಹುಡುಗ ನೋಡಿ ಕೆಲಸ ಮಾಡುತ್ತಾನೆ ಅನ್ನುವುದು ಅವರಿಗೆ ತಿಳಿಯಿತು. ಗಡ್ಡಕ್ಕೆ ಹೊಸ ಬ್ಲೇಡನ್ನು ಅವರ ಕಣ್ಣೆದುರೇ ಬಿಚ್ಚಿದರಂತೂ ಮಾತೇ ಬೇಡ.

ನಮ್ಮ ಕಡೆ ಈ ಕಸುಬಿನವರು ಮೂಲಪುರುಷನೆಂದು ನೆನೆಯುವ ಹಡಪದ ಅಪ್ಪಣ್ಣ 12ನೇ ಶತಮಾನದ ಶರಣ, ವಚನಕಾರ, ಬಸವಣ್ಣನವರ ಆಪ್ತ. ಅವನ ಮಡದಿ ಲಿಂಗಮ್ಮ ಕೂಡ ವಚನಕಾರ್ತಿ. ಕಲ್ಯಾಣದಲ್ಲಿ ಬಸವಣ್ಣನವರನ್ನು ಕಾಣಬೇಕಾದವರು ಮೊದಲು ಅಪ್ಪಣ್ಣನನ್ನು ಕಾಣಬೇಕಿತ್ತೆಂದು ಪರಂಪರೆ ಹೇಳುತ್ತದೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಅವನ ಹೆಸರಿನ ಪೀಠವಿದೆ. ಅಂಥವನ ಹೆಸರು ಹೇಳುವ ಕಸುಬಿನಲ್ಲಿ, ಯಾವ ಓಣಿಯಿಂದ ಬಂದವರಿಗೂ ಅದೇ ಕುರ್ಚಿ, ಅದೇ ಕತ್ತರಿ ಸಲ್ಲಬೇಕು. ಅಸ್ಪೃಶ್ಯತೆಯ ನೆಪದಲ್ಲಿ ಕ್ಷೌರ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆದರೂ ಅಂಥ ಸುದ್ದಿ ಹಳ್ಳಿಗಳಿಂದ ಇನ್ನೂ ಬರುತ್ತಿರುವುದು ಸಂಕಟದ ಸಂಗತಿ. ಊರಿನ ದೊಡ್ಡವರ ಒತ್ತಡಕ್ಕೆ ಮಣಿಯದೆ "ಬರ್ರಿ, ಕೂಡ್ರಿ" ಅನ್ನಲು ಹೊಸಬನಿಗೆ ಅಂಗಡಿ ಮಾಲೀಕನ ಬೆಂಬಲ ಬೇಕೇಬೇಕು.

ಹಿಂದೆ ಆಯದ ಕಾಲದಲ್ಲಿ ಸುಗ್ಗಿಗೆ ಜೋಳ ಅಳೆಸಿಕೊಂಡು ವರ್ಷವಿಡೀ ಕ್ಷೌರ ಮಾಡುತ್ತಿದ್ದರು. ಮಗ ಅಪ್ಪನ ಜೊತೆ ಮನೆ ಮನೆ ತಿರುಗುತ್ತಲೇ ಕೈಯನ್ನೂ ಮಾತನ್ನೂ ಕಲಿಯುತ್ತಿದ್ದ. ಈಗ ಬೇರೆ ದಾರಿಗಳಿವೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಒಂದು. ತರಬೇತಿಯ ದಿನಗಳಿಗೆ ತಲಾ ₹500 ಭತ್ಯೆ, ಸಲಕರಣೆಗೆ ₹15,000 ನೆರವು ಸಿಗುತ್ತದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯ ಆರ್‌ಸೆಟಿ (ಗ್ರಾಮೀಣ ಸ್ವ-ಉದ್ಯೋಗ ತರಬೇತಿ) ಕೇಂದ್ರಗಳು ಊಟ, ವಸತಿಯೊಂದಿಗೆ ಉಚಿತವಾಗಿ ಬ್ಯೂಟಿ ಪಾರ್ಲರ್ ಕೆಲಸ ಕಲಿಸುತ್ತವೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲ.

ತರಬೇತಿ ಮುಗಿಸಿ ಬಂದವರಿಗೆ ಭಾನುವಾರದ ಗದ್ದಲದಲ್ಲಿ ಕತ್ತರಿ ಕೊಡಬಾರದು. ಸಾಲಿನಲ್ಲಿ ಕೂತವರೆಲ್ಲ ಅವರ ಕೈಯನ್ನೇ ನೋಡುತ್ತಿರುತ್ತಾರೆ. ಮಂಗಳವಾರ ಅಂಗಡಿ ರಜೆ. ಬುಧವಾರ, ಗುರುವಾರದ ಮಧ್ಯಾಹ್ನ ಗಿರಾಕಿ ಕಡಿಮೆ. ಮೊದಲ ಕೆಲವು ತಲೆಗಳಿಗೆ ಆ ಹೊತ್ತು ಒಳ್ಳೆಯದು.